ಕದದೊಳಗೆ ಕರಗಿದ ಬೀಗ

1851ನೆಯ ಇಸವಿಯ ಜುಲೈ ತಿಂಗಳಿನಲ್ಲಿ, ಒಂದಕ್ಕೊಂದು ಸಂಬಂಧವಿಲ್ಲವೆಂದು ಆಗ ತೋರಿದ ಎರಡು ಸಂಗತಿಗಳು ಲಂಡನ್ ನಗರದಲ್ಲಿ ನಡೆದುವು. ಮನೆಯ ಕಿಟಕಿಗಳನ್ನು ಎಣಿಸಿ 1696ರಿಂದ ವಸೂಲು ಮಾಡುತ್ತ ಬಂದಿದ್ದ ತೆರಿಗೆಯನ್ನು ಪಾರ್ಲಿಮೆಂಟು ರದ್ದುಗೊಳಿಸಿತು. ಬೆಳಕಿಗೂ ಗಾಳಿಗೂ ಕಂದಾಯ ತೆರಲಾರದೆ ಜನರು ಇಟ್ಟಿಗೆಯಿಟ್ಟು ಮುಚ್ಚಿಸಿದ್ದ ಕಿಟಕಿಗಳು ಮತ್ತೆ ತೆರೆದುಕೊಳ್ಳುವ ಕಾಲ ಬಂದಿತು. ಅದೇ ತಿಂಗಳು ವೆಸ್ಟ್‌ಮಿನ್‌ಸ್ಟರಿನ ಗ್ರೇಟ್ ಜಾರ್ಜ್ ಬೀದಿಯ ಮನೆಯೊಂದರಲ್ಲಿ, ಆ ವರುಷದ ಮಹಾಪ್ರದರ್ಶನಕ್ಕೆಂದು ಅಮೆರಿಕದಿಂದ ಬಂದಿದ್ದ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬಾತನು, ಅಭೇದ್ಯವೆಂದು ಕೀರ್ತಿವೆತ್ತಿದ್ದ ಚಬ್ ಬೀಗವನ್ನು ಸಾಕ್ಷಿಗಳ ಸಮಕ್ಷಮದಲ್ಲಿ 25 ನಿಮಿಷಗಳೊಳಗೆ ತೆರೆದು, 7 ನಿಮಿಷಗಳಲ್ಲಿ ಮತ್ತೆ ಅದನ್ನು ಮುಚ್ಚಿಯೂ ತೋರಿಸಿದನು. ಗಾಜಿನ ಕಥೆಯೂ ಬೀಗದ ಕಥೆಯೂ ಬೇರೆಬೇರೆ ದಾರಿಗಳಲ್ಲಿ ನಡೆದು ಒಂದೇ ಬಾಗಿಲಿನಲ್ಲಿ ಸಂಧಿಸುವುದಕ್ಕೆ ಅಲ್ಲಿಂದ ಮುಂದೆ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಇಂದು ಬ್ರಿಟನ್ನಿನ ಸಾಮಾನ್ಯ ಗೃಹಸ್ಥನ ಮನೆಗೆ ಹೋದರೆ, ಮುಂಬಾಗಿಲಿನಲ್ಲಿಯೂ ಹಿತ್ತಿಲ ಬಾಗಿಲಿನಲ್ಲಿಯೂ ಎರಡು ಪದರದ ಗಾಜು, ಅದನ್ನು ಹೊತ್ತ ಬಿಳಿಯ ಪ್ಲಾಸ್ಟಿಕ್ ಚೌಕಟ್ಟು, ಹೊರಡುವಾಗ ಹಿಡಿಯನ್ನು ಮೇಲಕ್ಕೆತ್ತಿ ಬೀಗದ ಕೈಯನ್ನು ತಿರುಗಿಸಬೇಕಾದ ಒಂದು ಬೀಗ, ಇಷ್ಟು ಕಾಣುತ್ತವೆ. ಅಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿಯೂ ಬೆಳಗಿನ ಕಡೆಯ ಕೆಲಸ ಆ ಹಿಡಿಯನ್ನು ಎತ್ತುವುದೇ ಆಗಿದೆ.

ಬೀಗದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಬೀಗವನ್ನು ನಿರ್ಮಿಸಿದವರಿಗೂ ಭೇದಿಸಿದವರಿಗೂ ನಡೆದ ದ್ವಂದ್ವವನ್ನಾಗಿಯೇ ಅದನ್ನು ಬರೆದಿರುತ್ತಾರೆ. ಕೆಟ್ಟ ಬೀಗವನ್ನು ಸರಿಪಡಿಸಿದವನಿಗೆ ಆ ಪುಟಗಳಲ್ಲಿ ದೊರೆತ ಸ್ಥಳ ಅತ್ಯಲ್ಪ. ಆದರೆ ಬೀಗದ ಗುಣದೋಷಗಳನ್ನು ದಿನದಿನವೂ ಕೈಮುಟ್ಟಿ ಅರಿತವನು ಅವನೇ. ಕದದ ಮೇಲೆ ಜಡಿದ ಪ್ರತ್ಯೇಕವಾದ ಒಂದು ಪೆಟ್ಟಿಗೆಯಾಗಿದ್ದ ಬೀಗವು ಕಾಲಕ್ರಮದಲ್ಲಿ ಕದದ ಮೈಯೊಳಗೆ ಕರಗಿಹೋದ ಬಗೆಯನ್ನು ಅವನ ಕೆಲಸದ ಮೂಲಕ ನೋಡಿದಷ್ಟು ಸ್ಪಷ್ಟವಾಗಿ ಬೇರಾವುದರ ಮೂಲಕವೂ ನೋಡಲಾಗದೆಂದು ನನ್ನ ನಂಬಿಕೆ.

ಹದಿನೆಂಟನೆಯ ಶತಮಾನದ ಉತ್ತರಾರ್ಧದವರೆಗೆ ಇಂಗ್ಲೆಂಡಿನ ಬೀಗಗಳ ಬಲವೆಲ್ಲ ಅವುಗಳ ಒಳಮೈಯಲ್ಲಿ ಕೂರಿಸಿದ ಸ್ಥಿರವಾದ ತಡೆಪಟ್ಟಿಗಳಲ್ಲಿತ್ತು. ಬೀಗದ ಕೈಯ ನಾಲಗೆಯಲ್ಲಿ ಅವುಗಳಿಗೆ ಸರಿಯಾಗಿ ಕಚ್ಚುಗಳಿದ್ದರೆ ಅದು ಒಳಗೆ ತಿರುಗುವುದು, ಇಲ್ಲವಾದರೆ ತಡೆದು ನಿಲ್ಲುವುದು. ಕಚ್ಚಿಲ್ಲದ ಕೈಗೆ ಮೇಣವನ್ನು ಬಳಿದು ಒಮ್ಮೆ ತಿರುಗಿಸಿ ತೆಗೆದರೆ ತಡೆಪಟ್ಟಿಗಳೆಲ್ಲ ತಮ್ಮ ಗುರುತನ್ನು ತಾವೇ ಬರೆದುಕೊಡುತ್ತಿದ್ದುವು. 1778ರಲ್ಲಿ ರಾಬರ್ಟ್ ಬ್ಯಾರನ್ ಎಂಬುವನು ಹಕ್ಕುಪತ್ರ ಪಡೆದ ಬೀಗದಲ್ಲಿ, ಒಳಗಿನ ಲಿವರುಗಳನ್ನು ಕೈಯು ನಿರ್ದಿಷ್ಟವಾದ ಎತ್ತರಕ್ಕೆ, ಅದಕ್ಕಿಂತ ಕಡಮೆಯೂ ಅಲ್ಲದೆ ಹೆಚ್ಚೂ ಅಲ್ಲದೆ, ಎತ್ತಿದ ಹೊರತು ಅಗುಳಿಯು ಸರಿಯುತ್ತಿರಲಿಲ್ಲ. ಮುಂದೆ ಆರು ವರ್ಷಕ್ಕೆ, ಯಾರ್ಕ್‌ಷೈರಿನ ರೈತನೊಬ್ಬನ ಮಗನಾಗಿ ಹುಟ್ಟಿ ಬಡಗಿಯ ಕೆಲಸ ಕಲಿತಿದ್ದ ಜೋಸೆಫ್ ಬ್ರಾಮ, ದುಂಡುಕೊಳವೆಯಂಥ ಕೈಯುಳ್ಳ ಹೊಸ ಬೀಗವನ್ನು ನಿರ್ಮಿಸಿ, ಅದನ್ನು ಉಪಕರಣದಿಂದ ತೆರೆದವರಿಗೆ 200 ಗಿನಿ ಬಹುಮಾನವೆಂದು ಪಿಕಾಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿ 1790ರಿಂದ ಪ್ರಕಟಣೆಯೊಡನೆ ತೂಗುಹಾಕಿದನು. ಅರವತ್ತು ವರ್ಷಕಾಲ ಯಾರೂ ಆ ಬಹುಮಾನವನ್ನು ಪಡೆಯಲಿಲ್ಲ.

ಬ್ರಾಮನ ಬೀಗದ ಶಕ್ತಿ ಅದರ ಕಲ್ಪನೆಯಲ್ಲಿ ಎಷ್ಟಿತ್ತೋ ಅದರ ನಿಖರತೆಯಲ್ಲಿಯೂ ಅಷ್ಟೇ ಇದ್ದಿತು. ಆ ನಿಖರತೆಯನ್ನು ಅರವನ್ನು ಹಿಡಿದ ಕೈಯೊಂದರಿಂದಲೇ ಸಾಧಿಸುವುದು ಅಸಾಧ್ಯವಾದುದರಿಂದ, ಹದಿನೆಂಟು ವಯಸ್ಸಿನ ಹೆನ್ರಿ ಮಾಡ್ಸ್ಲೆ ಎಂಬ ಕುಶಲಿಯನ್ನು ಅವನು ಕೆಲಸಕ್ಕಿಟ್ಟುಕೊಂಡನು. ಬೀಗದ ಕೊಳವೆಯಲ್ಲಿ ಸೀಳುಗಳನ್ನು ಕೊರೆಯುವ, ಸ್ಪ್ರಿಂಗುಗಳನ್ನು ಸುತ್ತುವ ಯಂತ್ರಗಳು ಆ ಹುಡುಗನ ಕೈಯಲ್ಲಿ ರೂಪುಗೊಂಡುವು. ವಾರಕ್ಕೆ 30 ಷಿಲಿಂಗಿನ ಮೇಲೆ ಸಂಬಳ ಬೇಕೆಂದು ಕೇಳಿ, ಇಲ್ಲವೆನ್ನಿಸಿಕೊಂಡು, 1797ರಲ್ಲಿ ಅವನು ಹೊರಬಂದು ಸ್ವಂತ ಕಾರ್ಖಾನೆಯನ್ನು ತೆರೆದನು. ತರುವಾಯದ ಅರ್ಧ ಶತಮಾನದ ಇಂಗ್ಲಿಷ್ ಯಂತ್ರಶಿಲ್ಪಿಗಳಲ್ಲಿ ಪ್ರಮುಖರಾದ ಹಲವರು ಅಲ್ಲಿ ಕಲಿತವರು. ಒಂದು ಬೀಗವನ್ನು ಇನ್ನೊಂದರಂತೆಯೇ ಮಾಡಬೇಕೆಂಬ ಹಟದಿಂದ ಒಂದು ದೇಶದ ಯಂತ್ರವಿದ್ಯೆಯೇ ಬೆಳೆಯಿತೆಂಬುದು ನೆನೆದಷ್ಟೂ ಬೆರಗು ಹುಟ್ಟಿಸುವ ಮಾತು.

1817ರಲ್ಲಿ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ನಕಲಿ ಬೀಗದ ಕೈಗಳಿಂದ ಕಳವಾದ ಮೇಲೆ ಸರ್ಕಾರವು ಸಾರಿದ ಸ್ಪರ್ಧೆಯಲ್ಲಿ ಜೆರಮಾಯ ಚಬ್ ಗೆದ್ದುಕೊಂಡ ಬೀಗಕ್ಕೆ ಇನ್ನೊಂದು ವಿಶೇಷವಿತ್ತು: ತನ್ನದಲ್ಲದ ಕೈಯು ಲಿವರನ್ನು ಹೆಚ್ಚಾಗಿ ಎತ್ತಿದೊಡನೆ ಅದು ಬಿಗಿದುಕೊಂಡು, ಯಾರೋ ಕೈಯಿಟ್ಟಿದ್ದಾರೆಂದು ಒಡೆಯನಿಗೆ ಸೂಚಿಸುತ್ತಿತ್ತು. ಹಾಬ್ಸ್ ಜಯಿಸಿದುದು ಈ ಸೂಚಕವನ್ನೇ ತನಗೆ ದಾರಿ ತೋರಿಸುವ ದೀಪವನ್ನಾಗಿ ಮಾಡಿಕೊಂಡು. ಅದಾದ ಮೇಲೆ ಅವನು ಪಿಕಾಡಿಲಿಯ ಬ್ರಾಮ ಬೀಗಕ್ಕೂ ಕೈಯಿಟ್ಟು, 16 ದಿನಗಳಲ್ಲಿ ಹಂಚಿದ 51 ಗಂಟೆಗಳ ಪರಿಶ್ರಮದಿಂದ ಅದನ್ನೂ ತೆರೆದು 200 ಗಿನಿಗಳನ್ನು ಪಡೆದನು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ಬೀಗದ ದೌರ್ಬಲ್ಯವನ್ನು ಹೀಗೆ ಬಹಿರಂಗಪಡಿಸುವುದು ಕಳ್ಳನಿಗೆ ಪಾಠ ಹೇಳಿಕೊಟ್ಟಂತಲ್ಲವೆ ಎಂದು ಹಲವರು ಆಕ್ಷೇಪಿಸಿದರು. 1853ರಲ್ಲಿ ಚಾರ್ಲ್ಸ್ ಟಾಮ್ಲಿನ್ಸನ್ ಸಂಪಾದಿಸಿದ ಬೀಗಗಳ ಗ್ರಂಥದಲ್ಲಿ ಇದಕ್ಕೆ ಸಮಾಧಾನವುಂಟು: ಕಳ್ಳನು ತನ್ನ ವಿದ್ಯೆಯನ್ನು ನಮಗಿಂತ ಮೊದಲೇ ಬಲ್ಲವನಾದುದರಿಂದ ಗೋಪ್ಯದಿಂದ ಮೋಸಹೋಗುವವನು ಪ್ರಾಮಾಣಿಕನಾದ ಮನೆಯೊಡೆಯನೇ ಎಂಬುದು ಅದರ ಸಾರ. ಈ ವಾದವು ನೂರೈವತ್ತು ವರ್ಷಗಳಾದ ಮೇಲೆ ಮತ್ತೊಮ್ಮೆ, ಜೋಡಿಗಾಜಿನ ಬಾಗಿಲಿನ ಮುಂದೆ, ಎದ್ದು ನಿಲ್ಲುವುದನ್ನು ಮುಂದೆ ನೋಡಲಿದ್ದೇವೆ.

ಲಂಡನ್ನಿನ ಈ ಪ್ರಖ್ಯಾತ ನಾಮಗಳ ಹಿಂದೆ, ಇಂಗ್ಲಿಷರ ಸಾಮಾನ್ಯ ಬಾಗಿಲುಗಳಿಗೆಲ್ಲ ಬೀಗವನ್ನು ಒದಗಿಸಿದ ಊರೊಂದಿದೆ. ವುಲ್ವರ್‌ಹ್ಯಾಂಪ್ಟನ್ ನಗರದ ಮಗ್ಗುಲಲ್ಲಿ, ಕಲ್ಲಿದ್ದಲೂ ಕಬ್ಬಿಣವೂ ದೊರೆಯುವ ಕಪ್ಪುನೆಲದ ನಡುವೆ ಇರುವ ವಿಲೆನ್‌ಹಾಲ್ ಎಂಬ ಸಣ್ಣ ಪಟ್ಟಣ ಅದು. ಅಲ್ಲಿ ದೊಡ್ಡ ಕಾರ್ಖಾನೆಗಳಿರಲಿಲ್ಲ. ಮನೆಯ ಹಿಂಭಾಗದ ಅಂಗಳದಲ್ಲಿ ಕಟ್ಟಿದ ಇಕ್ಕಟ್ಟಾದ ಕುಲುಮೆಗಳಲ್ಲಿ, ಒಬ್ಬ ಯಜಮಾನ, ಅವನ ಹೆಂಡತಿ ಮಕ್ಕಳು, ಅನಾಥಾಲಯಗಳಿಂದ ಕರೆತಂದ ಒಬ್ಬಿಬ್ಬರು ಹುಡುಗರು, ಇಷ್ಟೇ ಒಂದು ಕಾರ್ಯಾಗಾರ. ಒಬ್ಬನದು ಬೀಗದ ಕೈ, ಒಬ್ಬನದು ಪೆಟ್ಟಿಗೆಗೆ ಹಾಕುವ ಬೀಗ, ಮತ್ತೊಬ್ಬನದು ತೂಗುಬೀಗ. ತಲೆಮಾರು ಕಳೆದರೂ ಆ ವಿಂಗಡಣೆ ಬದಲಾಗುತ್ತಿರಲಿಲ್ಲ. ವಿಲೆನ್‌ಹಾಲಿನವನ ಕೈಯಿಂದ ಬೀಗವೊಂದು ನೆಲಕ್ಕೆ ಬಿದ್ದರೆ ಬಗ್ಗಿ ಎತ್ತಿಕೊಳ್ಳುವ ಹೊತ್ತಿನಲ್ಲಿ ಇನ್ನೊಂದನ್ನು ಮಾಡಿಬಿಡುತ್ತಾನೆಂಬ ಮಾತು ಹುಟ್ಟುವಷ್ಟು ಅಗ್ಗವಾಗಿ, ಅಷ್ಟು ವೇಗವಾಗಿ ಅವರು ದುಡಿಯುತ್ತಿದ್ದರು.

ಆ ಅಗ್ಗದ ಬೆಲೆಯನ್ನು ತೆತ್ತವರು ಯಾರೆಂಬುದನ್ನು 1840ರ ದಶಕದ ಆರಂಭದಲ್ಲಿ ಬಾಲಕಾರ್ಮಿಕರ ಸ್ಥಿತಿಯನ್ನು ವಿಚಾರಿಸಲು ನೇಮಕವಾದ ಆಯೋಗದ ಪರವಾಗಿ ಅಲ್ಲಿಗೆ ಹೋದ ಕವಿ ರಿಚರ್ಡ್ ಹೆನ್ರಿ ಹಾರ್ನ್ ದಾಖಲಿಸಿದ್ದಾನೆ. ಎಳೆಯ ವಯಸ್ಸಿನಿಂದ ವೈಸಿನ ಮುಂದೆ ಬಾಗಿ ನಿಂತು ಅರವನ್ನು ತಳ್ಳಿ ತಳ್ಳಿ, ಬಲದ ಹೆಗಲೆಲುಬು ಸ್ಥಾನ ತಪ್ಪಿ ಹೊರಚಾಚಿದ, ಬಲಗಾಲು ಮಂಡಿಯ ಬಳಿ ಒಳಕ್ಕೆ ಸೊಟ್ಟಗಾದ ಮನುಷ್ಯರನ್ನು ಅವನು ಕಂಡನು. ಗೂನುಬೆನ್ನು ಅಲ್ಲಿ ಎಷ್ಟು ಸಾಮಾನ್ಯವಾಗಿದ್ದಿತೆಂದರೆ ಸುತ್ತಣ ಜನ ಆ ಊರನ್ನು ಗೂನರ ನಾಡೆಂದೇ ಕರೆಯುತ್ತಿದ್ದರು. ಹೆಂಡದಂಗಡಿಯ ಬೆಂಚುಗಳ ಹಿಂದಣ ಗೋಡೆಯಲ್ಲಿ ಗೂನನ್ನು ಇಟ್ಟುಕೊಳ್ಳಲು ಗುಳಿಗಳನ್ನು ತೋಡಿದ್ದರೆಂಬುದು ಇಂದಿಗೂ ಅಲ್ಲಿ ಹೇಳುವ ಕಥೆ. ವಾರದ ಮೊದಲೆರಡು ದಿನ ಕೆಲಸವಿಲ್ಲದೆ ಕಳೆದುಹೋಗಿ ಕಡೆಯ ದಿನಗಳಲ್ಲಿ ಇರುಳೂ ಹಗಲೂ ಕೆಲಸ ನಡೆಯುವಾಗ ತೂಕಡಿಸಿದ ಹುಡುಗನಿಗೆ ಬೀಳುತ್ತಿದ್ದ ಪೆಟ್ಟುಗಳ ವಿವರವೂ ಆ ವರದಿಯಲ್ಲಿದೆ. ಡಿಸ್ರೇಲಿಯು 1845ರ ತನ್ನ 'ಸಿಬಿಲ್' ಕಾದಂಬರಿಯಲ್ಲಿ ವರ್ಣಿಸಿದ ವಾಡ್ಗೇಟ್ ಎಂಬ ಘೋರವಾದ ಊರಿಗೆ ಈ ವಿಲೆನ್‌ಹಾಲೇ ಮೂಲ. ಬೀಗವೆಂದರೆ ಸುರಕ್ಷತೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಅನ್ಯರ ಮನೆಗಳನ್ನು ಸುರಕ್ಷಿತವಾಗಿಡಲು ಒಂದು ಊರಿನ ಮಕ್ಕಳ ಎಲುಬುಗಳು ಬಾಗಿಹೋದುವೆಂಬುದನ್ನು ಆ ಮಾತಿನ ಜೊತೆಗೇ ಇಟ್ಟು ನೋಡುವುದು ನ್ಯಾಯವೆಂದು ನಾನು ಬಗೆಯುತ್ತೇನೆ.

ಈ ಯುಗದಲ್ಲಿ ದುರಸ್ತಿಯೆಂದರೆ ನಾಲ್ಕು ತಿರುಪುಮೊಳೆಗಳನ್ನು ಕಳಚಿ ಬೀಗವನ್ನು ಕದದಿಂದ ಬಿಡಿಸಿ ಕಮ್ಮಾರನ ಕಟ್ಟೆಗೆ ಒಯ್ಯುವುದು. ಕದಕ್ಕೂ ಆ ಕಾಯಿಲೆಗೂ ಸಂಬಂಧವಿರುತ್ತಿರಲಿಲ್ಲ. ಕಮ್ಮಾರನು ಪೆಟ್ಟಿಗೆಯನ್ನು ಬಿಚ್ಚಿ, ಮುರಿದ ಸ್ಪ್ರಿಂಗಿನ ಬದಲು ತಾನೇ ಬಾಗಿಸಿ ಹದಗೊಳಿಸಿದ ಉಕ್ಕಿನ ಪಟ್ಟಿಯನ್ನಿಟ್ಟು, ಸವೆದ ಲಿವರಿಗೆ ಹೊಸದನ್ನು ಅರದಿಂದ ತೀಡಿ, ಕೈಯಾಡಿಸಿ ನೋಡಿ ಹಿಂದಿರುಗಿಸುತ್ತಿದ್ದನು. ಅಮೆರಿಕದ ಲೈನಸ್ ಯೇಲ್ ಎಂಬ ಹೆಸರಿನ ತಂದೆ ಮಕ್ಕಳಲ್ಲಿ ಮಗನು 1860ರ ದಶಕದಲ್ಲಿ ಚಿಕ್ಕ ಚಪ್ಪಟೆ ಕೈಯುಳ್ಳ ಸಿಲಿಂಡರ್ ಬೀಗವನ್ನು ಪೂರ್ಣಗೊಳಿಸಿದ ಮೇಲೆ ಈ ಕ್ರಮ ಸಡಿಲಾಯಿತು. ಪ್ರಾಚೀನ ಈಜಿಪ್ಟಿನವರು ಮರದ ಅಗುಳಿಯಲ್ಲಿ ಬೀಳುಗೂಟಗಳನ್ನಿಟ್ಟು ಮಾಡುತ್ತಿದ್ದ ಉಪಾಯವೇ ಅದರಲ್ಲಿ ಹಿತ್ತಾಳೆಯಾಗಿ, ಸೂಕ್ಷ್ಮವಾಗಿ, ಬೆರಳುಗಾತ್ರದ ಕೊಳವೆಯೊಳಗೆ ಅಡಗಿತು. ಕೆಟ್ಟುದನ್ನು ತೀಡಿ ಸರಿಪಡಿಸುವ ಬದಲು ಆ ಕೊಳವೆಯನ್ನು ತೆಗೆದು ಬೇರೊಂದನ್ನು ಇಡುವುದು ಸಾಧ್ಯವಾಯಿತು. ಕಮ್ಮಾರನ ಕಟ್ಟೆಯ ಕೆಲಸ ಮನೆಯ ಹೊಸಿಲಿನ ಕಡೆಗೆ ನಡೆದು ಬಂದುದು ಇಲ್ಲಿಂದಲೇ.

ಗಾಜಿನ ಕಥೆಯನ್ನು ಇಷ್ಟು ವಿಸ್ತರಿಸಬೇಕಾಗಿಲ್ಲ. ಗಾಜಿನ ಮೇಲಣ ಸುಂಕವು 1845ರಲ್ಲಿಯೇ ಹೋಗಿತ್ತು. ಎರಡು ಗಾಜುಗಳ ನಡುವೆ ಗಾಳಿಯನ್ನು ಬಂಧಿಸಿಟ್ಟರೆ ಮನೆಯ ಶಾಖ ಹೊರಹೋಗದೆಂಬ ತತ್ತ್ವಕ್ಕೆ ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ 1865ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದನಾದರೂ, ಅದು ಜನಸಾಮಾನ್ಯರ ಕೈಗೆಟುಕಲು ಅಗ್ಗವಾದ, ಚಪ್ಪಟೆಯಾದ, ಮಚ್ಚೆಯಿಲ್ಲದ ಗಾಜು ಬೇಕಾಗಿತ್ತು. ಕರಗಿದ ತವರದ ಮೇಲೆ ಕರಗಿದ ಗಾಜನ್ನು ತೇಲಿಸಿ ಹಾಳೆಯಾಗಿ ಹರಿಸುವ ವಿಧಾನವನ್ನು ಸೇಂಟ್ ಹೆಲೆನ್ಸ್ ಪಟ್ಟಣದ ಪಿಲ್ಕಿಂಗ್ಟನ್ ಸಂಸ್ಥೆ 1959ರಲ್ಲಿ ಪ್ರಕಟಿಸಿತು. 1973ರಲ್ಲಿ ತೈಲದ ಬೆಲೆ ಏರಿ ಮನೆ ಬೆಚ್ಚಗಿಡುವ ಖರ್ಚು ಕೈಮೀರಿದಾಗ ಬ್ರಿಟಿಷರು ಡಬಲ್ ಗ್ಲೇಜಿಂಗಿನ ಕಡೆಗೆ ತಿರುಗಿದರು; ಮೊದಲು ಅಲ್ಯೂಮಿನಿಯಮ್ ಚೌಕಟ್ಟುಗಳು, ಆಮೇಲೆ ಜರ್ಮನಿಯಲ್ಲಿ ರೂಢಿಗೆ ಬಂದಿದ್ದ ಗಟ್ಟಿ ಪಿವಿಸಿ ಚೌಕಟ್ಟುಗಳು ಬಂದುವು. 1980ರ ವಸತಿ ಶಾಸನದಿಂದ ನಗರಸಭೆಗಳ ಬಾಡಿಗೆಮನೆಗಳಲ್ಲಿದ್ದವರಿಗೆ ಅವನ್ನು ಕೊಂಡುಕೊಳ್ಳುವ ಹಕ್ಕು ದೊರೆತಾಗ, ಒಡೆತನದ ಮೊದಲ ಗುರುತೆಂದು ಎಷ್ಟೋ ಮಂದಿ ಮಾಡಿದ ಕೆಲಸವೆಂದರೆ ಮುಂಬಾಗಿಲನ್ನೂ ಕಿಟಕಿಗಳನ್ನೂ ಬದಲಾಯಿಸಿದುದು. ಒಂದೇ ಬಣ್ಣದ ಬಾಗಿಲುಗಳ ಬೀದಿಯಲ್ಲಿ ತನ್ನದೆಂದು ಬೇರೆಯಾಗಿ ಕಾಣುವ ಒಂದು ಬಾಗಿಲು ಬೇಕೆನ್ನಿಸಿದ ಆ ಜನರ ಸಂತೋಷವನ್ನು ಲಘುವಾಗಿ ಕಾಣುವುದು ನನ್ನಿಂದಾಗದು.

ಈ ಹೊಸ ಬಾಗಿಲಿಗೆ ಹಳೆಯ ಬೀಗ ಸಲ್ಲಲಿಲ್ಲ. ಪ್ಲಾಸ್ಟಿಕ್ ಚೌಕಟ್ಟು ಮರದಷ್ಟು ಬಿಗಿಯಾದುದಲ್ಲ, ನಡುವೆ ಒಂದೇ ಕಡೆ ಹಿಡಿದರೆ ಮೇಲೂ ಕೆಳಗೂ ಬಾಗಿ ಗಾಳಿಗೆ ದಾರಿಕೊಡುತ್ತದೆ. ಅಂಚಿನ ರಬ್ಬರು ಪಟ್ಟಿಯು ಉದ್ದಕ್ಕೂ ಒತ್ತಿ ಕುಳಿತರೆ ಮಾತ್ರ ಎರಡು ಪದರದ ಗಾಜಿನ ಪ್ರಯೋಜನ ದೊರೆಯುವುದು. ಆದುದರಿಂದ ಕದದ ಅಂಚಿನ ಪೂರ್ತಿ ಎತ್ತರಕ್ಕೆ ಒಂದು ಉಕ್ಕಿನ ಪಟ್ಟಿಯನ್ನು ಹುದುಗಿಸಿ, ಅದರಲ್ಲಿ ಕೊಕ್ಕೆಗಳನ್ನೂ ಉರುಳೆಗಳನ್ನೂ ಹಲವು ಕಡೆ ಇಟ್ಟು, ನಡುವಣ ಗೇರ್‌ಬಾಕ್ಸಿನಿಂದ ಎಲ್ಲವನ್ನೂ ಒಟ್ಟಿಗೆ ಚಲಿಸುವಂತೆ ಮಾಡಿದರು. ಹಿಡಿಯನ್ನು ಮೇಲಕ್ಕೆತ್ತಿದರೆ 8 ಮಿಲಿಮೀಟರಿನ ಚೌಕ ಸಲಾಕೆಯೊಂದು ಗೇರ್‌ಬಾಕ್ಸನ್ನು ತಿರುಗಿಸುತ್ತದೆ, ಕೊಕ್ಕೆಗಳು ಬಾಗಿಲುವಾಡವನ್ನು ಕಚ್ಚುತ್ತವೆ. ಆಮೇಲೆ ಕೈ ತಿರುಗಿಸಿದರೆ ಸಿಲಿಂಡರು ಆ ಸ್ಥಿತಿಯನ್ನು ಭದ್ರಪಡಿಸುತ್ತದೆ. ಎರಡು ಬದಿಗೂ ಕೈ ಹಾಕಬಹುದಾದ ಈ ಸಿಲಿಂಡರು ಜರ್ಮನಿಯಲ್ಲಿ ಬೆಳೆದುಬಂದುದು. ಬೀಗವು ಈಗ ಪೆಟ್ಟಿಗೆಯಲ್ಲ. ಕದ, ಗಾಜು, ಕೀಲು, ಹಿಡಿ, ಬಾಗಿಲುವಾಡ ಎಲ್ಲವೂ ಸೇರಿದ ಒಂದು ಅಂಗಾಂಗಿಭಾವ. ಒಂದಕ್ಕೆ ನೋವಾದರೆ ಇನ್ನೊಂದು ಕೆಡುತ್ತದೆ.

ಇದರಿಂದಾಗಿ ದುರಸ್ತಿಗಾರನ ನೋಟವೂ ಬದಲಾಯಿತು. ಹಿಡಿ ಮೇಲಕ್ಕೆ ಏಳುತ್ತಿಲ್ಲ, ಬೀಗ ಬೀಳುತ್ತಿಲ್ಲ ಎಂದು ಕರೆ ಬಂದಾಗ ಬಲ್ಲವನು ಮೊದಲು ಬೀಗವನ್ನು ಬಿಚ್ಚುವುದಿಲ್ಲ. ಕದವನ್ನು ಪೂರ್ತಿಯಾಗಿ ತೆರೆದು, ತೆರೆದಂತೆಯೇ ಹಿಡಿಯನ್ನೆತ್ತಿ ಕೈಯನ್ನು ತಿರುಗಿಸಿ ನೋಡುತ್ತಾನೆ. ಹಾಗೆ ತೆರೆದಾಗ ಬೀಗವು ಸರಾಗವಾಗಿ ಬಿದ್ದು, ಮುಚ್ಚಿದಾಗ ಮಾತ್ರ ಹಟ ಮಾಡಿದರೆ, ರೋಗ ಇರುವುದು ಬೀಗದಲ್ಲಲ್ಲ, ಕದ ಕುಸಿದಿರುವುದರಲ್ಲಿ. ಕೊಕ್ಕೆಗಳು ತಮ್ಮ ಬಾಯಿಗೆ ಎದುರಾಗದೆ ಕಬ್ಬಿಣಕ್ಕೆ ತಗಲುತ್ತಿವೆ. 4 ಮಿಲಿಮೀಟರು ದಪ್ಪದ ಎರಡು ಗಾಜುಗಳು ಚದರ ಮೀಟರಿಗೆ 20 ಕಿಲೋ ತೂಗುತ್ತವೆ. ಆ ಭಾರವನ್ನು ಹಗಲಿರುಳು ಹೊತ್ತು ತೂಗುವ ಕದವು ವರ್ಷಗಳಾದಂತೆ ಬೀಗದ ಕಡೆಯ ಮೂಲೆಯಲ್ಲಿ ಕೆಳಕ್ಕೆ ಜಗ್ಗುತ್ತದೆ. ಬೇಸಗೆಯ ಬಿಸಿಲಿಗೆ ಪಿವಿಸಿ ಹಿಗ್ಗುವುದರಿಂದ ಚಳಿಗಾಲದಲ್ಲಿ ಸುಮ್ಮನಿದ್ದ ಬಾಗಿಲು ಆಗ ಕೆಣಕುವುದೂ ಉಂಟು.

ಇದಕ್ಕೆ ಮದ್ದು ಗಾಜಿನಲ್ಲಿಯೇ ಇದೆ. ಕದದ ಒಳಬದಿಯ ಅಂಚುಪಟ್ಟಿಗಳನ್ನು ಅಗಲವಾದ ಅಲಗಿನಿಂದ ಮೆಲ್ಲನೆ ಮೀಟಿ ತೆಗೆದು, ಗಾಜನ್ನು ತುಸುವೇ ಎತ್ತಿ, ಕೀಲಿನ ಕಡೆಯ ಕೆಳಮೂಲೆಯಲ್ಲಿಯೂ ಬೀಗದ ಕಡೆಯ ಮೇಲ್ಮೂಲೆಯಲ್ಲಿಯೂ ತೆಳುವಾದ ಪ್ಲಾಸ್ಟಿಕ್ ಬಿಲ್ಲೆಗಳನ್ನು ತೂರಿಸಿದರೆ, ತೋಟದ ತಡಿಕೆಬಾಗಿಲು ಜೋಲದಂತೆ ಮೂಲೆಯಿಂದ ಮೂಲೆಗೆ ಕೋಲನ್ನು ಕಟ್ಟಿದ ಹಾಗೆ, ಆ ಗಾಜೇ ಕದವನ್ನು ಎತ್ತಿ ಹಿಡಿಯುತ್ತದೆ. ಕದವನ್ನು ಕುಸಿಯಿಸಿದ ಭಾರವೇ ಅದಕ್ಕೆ ಆಧಾರವಾಗುವ ಈ ಕೌಶಲಕ್ಕಿಂತ ಸೊಗಸಾದುದು ಈ ಕಸುಬಿನಲ್ಲಿ ಬೇರೊಂದಿಲ್ಲ. ಕೀಲುಗಳನ್ನು ಸಣ್ಣದಾಗಿ ತಿರುಪಿ ಸರಿಹೊಂದಿಸುವುದು, ಬಾಗಿಲುವಾಡದಲ್ಲಿರುವ ಕೊಕ್ಕೆಯ ಬಾಯಿಗಳನ್ನು ಕೂದಲೆಳೆಯಷ್ಟು ಜರುಗಿಸುವುದು ಇದರ ಮುಂದಿನ ಕೆಲಸ.

ಮನೆಯವರು ಕುಸಿದ ಬಾಗಿಲನ್ನು ಲಕ್ಷಿಸದೆ ಹಿಡಿಯನ್ನು ದಿನವೂ ಬಲವಂತವಾಗಿ ಎಳೆದಿದ್ದರೆ ಮಾತ್ರ ಬೀಗಕ್ಕೆ ನಿಜವಾದ ಹಾನಿ ತಟ್ಟುತ್ತದೆ: ಗೇರ್‌ಬಾಕ್ಸಿನೊಳಗಿನ ಎರಕದ ತುಂಡು ಬಿರಿಯುತ್ತದೆ, ಹಿಡಿ ಅತ್ತಿತ್ತ ಸುಮ್ಮನೆ ಆಡತೊಡಗುತ್ತದೆ. ಕದ ಮುಚ್ಚಿರುವಾಗ ಹೀಗಾದರಂತೂ ಕೊಕ್ಕೆಗಳನ್ನು ಬಿಡಿಸುವ ಸುಲಭವಾದ ದಾರಿಯೇ ಇಲ್ಲವಾಗುತ್ತದೆ. ಬಾಗಿಲನ್ನೂ ಗಾಜನ್ನೂ ಕೆಡಿಸದೆ ಅದನ್ನು ತೆರೆಯುವವನ ತಾಳ್ಮೆ ಹಾಬ್ಸನ ತಾಳ್ಮೆಗೆ ಕಡಮೆಯದಲ್ಲ. ಹಿಡಿಯೊಂದೇ ಜೋಲುಬಿದ್ದಿದ್ದರೆ ಅದರೊಳಗಿನ ಸ್ಪ್ರಿಂಗು ಮುರಿದಿದೆಯೆಂದು ತಿಳಿಯಬೇಕು. ಆದರೆ ಕೆಲವು ಬಾಗಿಲುಗಳಲ್ಲಿ ಹಿಡಿಯನ್ನು ಹಿಂದಕ್ಕೆ ತರುವ ಸ್ಪ್ರಿಂಗು ಹಿಡಿಯಲ್ಲಿರದೆ ಗೇರ್‌ಬಾಕ್ಸಿನಲ್ಲಿರುತ್ತದೆ. ಇದನ್ನು ಅರಿಯದವನು ಹಿಡಿಯ ಮೇಲೆ ಹಿಡಿಯನ್ನು ಬದಲಾಯಿಸಿ ಬೇಸತ್ತಾನು. ಕಿಟಕಿಗಳಲ್ಲಿಯೂ ನಿಯಮ ಇದೇ, ಸಲಾಕೆ ಮಾತ್ರ 7 ಮಿಲಿಮೀಟರು. ಸಿಲಿಂಡರು ಬಿಗಿಯಾಯಿತೆಂದು ಎಣ್ಣೆ ಬಿಡುವುದು ಎಲ್ಲ ಮನೆಗಳಲ್ಲಿಯೂ ಕಾಣುವ ರೂಢಿ. ಎಣ್ಣೆಗೆ ಧೂಳು ಅಂಟಿ ಪಿನ್ನುಗಳು ಇನ್ನಷ್ಟು ಸಿಕ್ಕಿಕೊಳ್ಳುವುದರಿಂದ ಬಲ್ಲವರು ಅಲ್ಲಿಗೆ ಗ್ರಾಫೈಟಿನ ಪುಡಿಯನ್ನು ಬಳಸುತ್ತಾರೆ.

ಸಿಲಿಂಡರಿನ ವಿಷಯದಲ್ಲಿ ಒಂದು ಗಂಭೀರವಾದ ದೋಷ ತಡವಾಗಿ ಹೊರಬಿದ್ದಿತು. ಅದನ್ನು ಕದಕ್ಕೆ ಹಿಡಿದಿಡುವ ಒಂದೇ ತಿರುಪುಮೊಳೆಯ ರಂಧ್ರವು ಸರಿಯಾಗಿ ಅದರ ನಡುವೆ, ಅಗುಳಿಯನ್ನು ದೂಡುವ ನಾಲಗೆಗಾಗಿ ಕತ್ತರಿಸಿದ ಸಂದಿಯ ಕೆಳಗೆ ಬರುವುದರಿಂದ ಆ ಜಾಗದಲ್ಲಿ ಉಳಿಯುವ ಲೋಹ ಬಹು ಸ್ವಲ್ಪ. ಹೊರಗೆ ಚಾಚಿದ ಭಾಗವನ್ನು ಇಕ್ಕಳದಿಂದ ಹಿಡಿದು ಮುರಿದರೆ ಕೆಲವೇ ಕ್ಷಣಗಳಲ್ಲಿ ಬಾಗಿಲು ತೆರೆಯುತ್ತದೆಂಬುದನ್ನು ಈ ಶತಮಾನದ ಆದಿಯಲ್ಲಿ ಯಾರ್ಕ್‌ಷೈರಿನ ಕಡೆಯ ಕಳ್ಳರು ಕಂಡುಕೊಂಡರು. ಹೇಳುವುದೋ ಮುಚ್ಚಿಡುವುದೋ ಎಂಬ 1851ರ ಪ್ರಶ್ನೆ ಮತ್ತೆ ಎದ್ದಿತು. 1958ರಲ್ಲಿ ಸ್ಥಾಪಿತವಾದ ಮಾಸ್ಟರ್ ಲಾಕ್‌ಸ್ಮಿತ್ಸ್ ಅಸೋಸಿಯೇಷನ್ ಮೊದಲಾದವರು ಅದನ್ನು ಬಹಿರಂಗವಾಗಿ ತಿಳಿಸುವ ಪಕ್ಷವನ್ನೇ ವಹಿಸಿದುದು ನನಗೆ ಸರ್ವಥಾ ಸರಿಯೆಂದು ತೋರುತ್ತದೆ. ಹೊಸ ಸಿಲಿಂಡರುಗಳಲ್ಲಿ ಹೊರತುದಿಯ ಬಳಿ ಬೇಕೆಂದೇ ಒಂದು ಸೀಳನ್ನು ಬಿಟ್ಟಿರುತ್ತಾರೆ. ಬಲ ಹಾಕಿದರೆ ಆ ತುಂಡು ಮಾತ್ರ ಮುರಿದು ಬಿದ್ದು, ಉಳಿದುದು ಕದದೊಳಗೆ ಭದ್ರವಾಗಿ ನಿಲ್ಲುತ್ತದೆ. ಇವುಗಳ ಬಲವನ್ನು ಪರೀಕ್ಷಿಸಿ ಮೂರರವರೆಗೆ ನಕ್ಷತ್ರಗಳನ್ನು ಕೊಡುವ ಟಿಎಸ್ 007 ಎಂಬ ಮಾನದಂಡವೂ ಬಂದಿದೆ. ಆದರೆ ಎಷ್ಟು ನಕ್ಷತ್ರಗಳಿದ್ದರೂ, ತಿರುಪುಮೊಳೆಯ ರಂಧ್ರದ ಮಧ್ಯದಿಂದ ಎರಡು ಬದಿಗೂ ಬೇರೆಬೇರೆಯಾಗಿ ಅಳೆದು ಸರಿಯಾದ ಉದ್ದದ್ದನ್ನು ಆರಿಸದೆ, ಹಿಡಿಯ ತಗಡಿನಿಂದ 3 ಮಿಲಿಮೀಟರಿಗಿಂತ ಹೆಚ್ಚು ಹೊರಚಾಚುವಂತೆ ಕೂರಿಸಿದರೆ ಆ ಕೆಲಸ ಕೆಟ್ಟಂತೆಯೇ. ಬ್ರಿಟನ್ನಿನಲ್ಲಿ ಬೀಗದ ಕಸುಬಿಗೆ ಸರ್ಕಾರದ ಪರವಾನಗಿ ಬೇಕಿಲ್ಲ, ಯಾರು ಬೇಕಾದರೂ ಫಲಕ ತೂಗುಹಾಕಬಹುದು. ಆದುದರಿಂದ ಈ ಮೂರು ಮಿಲಿಮೀಟರಿನ ವಿವೇಕವು ಕಸುಬಿನವನ ಮನಸ್ಸಾಕ್ಷಿಯನ್ನೇ ನೆಚ್ಚಿಕೊಂಡಿದೆ.

1980ರ ದಶಕದಲ್ಲಿ ಜೋಡಿಸಿದ ಬಾಗಿಲುಗಳು ಇನ್ನೂ ನಿಂತಿವೆ, ಅವುಗಳ ಬೀಗಪಟ್ಟಿಗಳನ್ನು ಮಾಡಿದ ಎಷ್ಟೋ ಸಂಸ್ಥೆಗಳು ಮುಚ್ಚಿಹೋಗಿವೆ. ಬಾಗಿಲನ್ನೇ ಬದಲಾಯಿಸಿರೆಂದು ಹೇಳಿ ದುಡ್ಡು ಎಣಿಸಿಕೊಳ್ಳುವುದು ಸುಲಭ. ಒಳ್ಳೆಯ ದುರಸ್ತಿಗಾರನು ಹಾಗೆ ಹೇಳುವ ಮೊದಲು ಅಳತೆಪಟ್ಟಿಯನ್ನು ತೆಗೆಯುತ್ತಾನೆ: ಸಲಾಕೆಯ ಮಧ್ಯದಿಂದ ಸಿಲಿಂಡರಿನ ಮಧ್ಯಕ್ಕೆ ಎಷ್ಟು, ಪಟ್ಟಿಯ ಮುಖದಿಂದ ಸಲಾಕೆಗೆ ಎಷ್ಟು, ಪಟ್ಟಿಯ ಅಗಲವೆಷ್ಟು, ಕೊಕ್ಕೆಗಳು ಎಲ್ಲೆಲ್ಲಿ. ಬಹಳ ಬಾಗಿಲುಗಳಲ್ಲಿ ಮೊದಲನೆಯದು 92 ಮಿಲಿಮೀಟರು, ಎರಡನೆಯದು 35. ಅಷ್ಟು ಹೊಂದಿದರೆ ಉದ್ದನೆಯ ಪಟ್ಟಿಯನ್ನು ಹಾಗೆಯೇ ಉಳಿಸಿಕೊಂಡು ನಡುವಣ ಗೇರ್‌ಬಾಕ್ಸನ್ನಷ್ಟೇ ಬದಲಾಯಿಸುವುದು ಅನೇಕ ಸಲ ಸಾಧ್ಯವಾಗುತ್ತದೆ. ಹೊಸದನ್ನು ಕೂರಿಸಿದ ಮೇಲೆ ಕದವನ್ನು ತೆರೆದಿಟ್ಟುಕೊಂಡೇ ಹಿಡಿಯನ್ನು ಹಲವು ಸಲ ಎತ್ತಿ ಇಳಿಸಿ, ಕೊಕ್ಕೆಗಳೆಲ್ಲ ಒಟ್ಟಿಗೆ ಹೊರಬಂದು ಒಟ್ಟಿಗೆ ಒಳಸೇರುವುದನ್ನು ಕಣ್ಣಾರೆ ನೋಡಿದ ಬಳಿಕವೇ ಅವನು ಬಾಗಿಲನ್ನು ಮುಚ್ಚುತ್ತಾನೆ. ಬಿಚ್ಚಿದ ಹಳೆಯ ಗೇರ್‌ಬಾಕ್ಸನ್ನು, ಅದರ ಸ್ಪ್ರಿಂಗು ಎಲ್ಲಿಯೂ ದೊರೆಯದ ಇನ್ನೊಂದು ಬಾಗಿಲಿಗೆ ಒದಗೀತೆಂದು, ತನ್ನ ಗಾಡಿಗೆ ಹಾಕಿಕೊಳ್ಳುತ್ತಾನೆ.